ವಿದ್ಯೆಯ ಅಳತೆಗೋಲು: ವರುಣನಿಂದ ಅಂಕಪಟ್ಟಿಯವರೆಗೆ

ಪ್ರತಿವರ್ಷವೂ ನಮ್ಮ ಶಾಖಾ ಮಠದ ಈ ಸ್ಮರಣ ಸಂಚಿಕೆಯ ಕೊನೆಯ ಪುಟಗಳಲ್ಲಿ ಒಂದು ಪಟ್ಟಿ ಅಚ್ಚಾಗುತ್ತದೆ. ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಗಳ ಪರೀಕ್ಷೆಗಳಲ್ಲಿ ಶೇಕಡಾ 90ಕ್ಕೂ ಮಿಗಿಲಾಗಿ ಅಂಕ ಗಳಿಸಿದ ನಮ್ಮ ಮಕ್ಕಳ ಹೆಸರು, ತಂದೆತಾಯಿಯರ ಹೆಸರು, ಅಂಕಗಳು. ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ಸಂಚಿಕೆ ಕೈಗೆ ಬಂದೊಡನೆ ಮೊದಲು ತೆರೆಯುವುದು ಈ ಪುಟಗಳನ್ನೇ. ರೈಲ್ವೆ ಸೇವೆಯಿಂದ ನಿವೃತ್ತನಾದ ಮೇಲೆ ಆ ಪಟ್ಟಿಯನ್ನು ಸಿದ್ಧಪಡಿಸುವ ಸೇವೆ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಒಮ್ಮೆ ಅರ್ಜಿಗಳನ್ನು ಜೋಡಿಸುತ್ತ ಕುಳಿತಿದ್ದಾಗ ತಾಯಿಯೊಬ್ಬರು ಬಂದು ನಿಂತರು. "ರಾಯರ, ನನ್ನ ಮಗಗ ಅರವತ್ತೊಂದು ಬಂದಾವ. ಪಟ್ಟಿಯೊಳಗ ಅವನ ಹೆಸರು ಬರೂದಿಲ್ಲಂತ ನನಗ ಗೊತ್ತದ. ಆದ್ರ ಅವಾ ಏನು ಕಲತಾನ ಅಂತ ನೀವ್ಯಾರೂ ಕೇಳಲೇ ಇಲ್ಲಲ್ಲ!" ಎಂದರು. ದೂರುವ ಧ್ವನಿ ಅದರಲ್ಲಿರಲಿಲ್ಲ. ಆದರೂ ನನ್ನ ಬಳಿ ಉತ್ತರವಿರಲಿಲ್ಲ.

ನಾನು ವಿದ್ವಾಂಸನಲ್ಲ, ಶಿಕ್ಷಣಶಾಸ್ತ್ರಜ್ಞನೂ ಅಲ್ಲ. ಡಿಪ್ಲೊಮಾ ಓದಿ ರೈಲುಹಳಿಯ ವಿಭಾಗದಲ್ಲಿ ಮೂರು ದಶಕಗಳಿಗೂ ಮೀರಿ ದುಡಿದವನು. ಎರಡು ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್ ಇದೆಯೇ ಎಂದು ಅಳೆಯುತ್ತಲೇ ಆಯುಷ್ಯ ಕಳೆಯಿತು. ಅಳೆಯುವವನಿಗೆ ಕಲಿಸುವ ಮೊದಲ ಪಾಠವೆಂದರೆ, ಹಳಿಯನ್ನು ಅಳೆಯುವ ಮುನ್ನ ಅಳತೆಗೋಲನ್ನೇ ಪರಿಶೀಲಿಸಬೇಕು ಎಂಬುದು. ಮಕ್ಕಳ ವಿದ್ಯೆಯನ್ನು ಅಳೆಯಲು ನಾವು ಹಿಡಿದಿರುವ ಕೋಲು ಎಲ್ಲಿಂದ ಬಂದಿತು, ಯಾವ ಕೆಲಸಕ್ಕಾಗಿ ನಿರ್ಮಾಣವಾಯಿತು ಎಂದು ಆ ತಾಯಿಯ ಮಾತಿನ ನಂತರ ಹುಡುಕತೊಡಗಿದೆ. ಹಾಗೆ ದೊರೆತ ಕೆಲವು ಸಂಗತಿಗಳನ್ನು ವಾಚಕರ ಮುಂದೆ ಇರಿಸುತ್ತಿದ್ದೇನೆ.

ಮತ್ತೆ ಹೋಗಿ ಬಾ

ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯ ಪ್ರಸಂಗ ನಮ್ಮವರಿಗೆಲ್ಲ ಪರಿಚಿತವೇ. ಅದರ ತಾತ್ತ್ವಿಕ ಅರ್ಥವನ್ನು ಹೇಳಲು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ನಾನು ನೋಡುವುದು ಅಲ್ಲಿಯ ಬೋಧನಕ್ರಮವನ್ನು ಮಾತ್ರ. ಭೃಗುವು ತಂದೆಯಾದ ವರುಣನ ಬಳಿಗೆ ಬಂದು ಬ್ರಹ್ಮವನ್ನು ಉಪದೇಶಿಸೆಂದು ಬೇಡುತ್ತಾನೆ. ತಂದೆಯು ಲಕ್ಷಣವನ್ನಷ್ಟೇ ಹೇಳಿ ತಪಸ್ಸಿಗೆ ಕಳುಹಿಸುತ್ತಾನೆ. ಮಗನು ಅನ್ನವೆಂದು ತಿಳಿದು ಬರುತ್ತಾನೆ, ಅನಂತರ ಪ್ರಾಣವೆಂದು, ಮನಸ್ಸೆಂದು, ವಿಜ್ಞಾನವೆಂದು ತಿಳಿದು ಬರುತ್ತಾನೆ. ಪ್ರತಿ ಬಾರಿಯೂ ವರುಣನು ತಪ್ಪೆಂದು ಹೇಳುವುದಿಲ್ಲ, ಸರಿಯೆಂದು ಹೇಳಿ ಮುಗಿಸುವುದೂ ಇಲ್ಲ. ಇನ್ನೂ ತಪಸ್ಸು ಮಾಡು ಎನ್ನುತ್ತಾನೆ. ಐದನೆಯ ಬಾರಿ ಆನಂದವೆಂದು ತಿಳಿದಾಗ ವಿದ್ಯೆ ಪೂರ್ಣವಾಗುತ್ತದೆ. ಇಲ್ಲಿ ಶಿಷ್ಯನ ಪರೀಕ್ಷೆ ನಿಸ್ಸಂದೇಹವಾಗಿ ನಡೆದಿದೆ. ಆದರೆ ಪರೀಕ್ಷೆಯ ಫಲ ಅಂಕವಲ್ಲ, ಮುಂದಿನ ಹೆಜ್ಜೆ.

ಛಾಂದೋಗ್ಯದಲ್ಲಿ ಇನ್ನೊಂದು ಪ್ರಸಂಗವಿದೆ. ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಹದಿನೈದು ದಿನ ಅನ್ನವಿಲ್ಲದೆ, ಕೇವಲ ನೀರು ಕುಡಿದು ಇರಲು ಹೇಳುತ್ತಾನೆ. ಅನಂತರ ಕಲಿತ ವೇದವನ್ನು ಹೇಳೆನ್ನುತ್ತಾನೆ. ಹನ್ನೆರಡು ವರ್ಷ ಗುರುಕುಲದಲ್ಲಿದ್ದು ಬಂದ ಶ್ವೇತಕೇತುವಿಗೆ ಒಂದೂ ತೋಚುವುದಿಲ್ಲ. ಊಟ ಮಾಡಿ ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾನೆ. ಮನಸ್ಸು ಅನ್ನವನ್ನು ಆಶ್ರಯಿಸಿದೆ ಎಂದು ತಿಳಿಸುವುದು ಅಲ್ಲಿಯ ಉದ್ದೇಶ. ಆದರೆ ಪರೀಕ್ಷಕರಾದವರು ಇದರಿಂದ ಕಲಿಯಬೇಕಾದುದೂ ಇದೆ. ಹುಡುಗನು ಇಂದು ಹೇಳಲಿಲ್ಲವೆಂದ ಮಾತ್ರಕ್ಕೆ ಅವನು ಕಲಿತಿಲ್ಲವೆಂದು ಅರ್ಥವಲ್ಲ.

ಇದರಿಂದ ಹಿಂದಿನ ಕಾಲದಲ್ಲಿ ಕಠಿಣ ಪರೀಕ್ಷೆಗಳೇ ಇರಲಿಲ್ಲವೆಂದು ಭಾವಿಸಬಾರದು. ವೇದದ ಘನಪಾಠವನ್ನೇ ನೋಡಿರಿ. ಎರಡು ಪದಗಳನ್ನು ಮುಂದಕ್ಕೆ, ಹಿಂದಕ್ಕೆ, ಅನಂತರ ಮೂರು ಪದಗಳನ್ನು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಹೇಳುವ ಆ ಕ್ರಮದಲ್ಲಿ ಒಂದು ಪದ ಜಾರಿದರೂ, ಸ್ವರ ತಪ್ಪಿದರೂ ಕೇಳುವವನ ಕಿವಿಗೆ ಕೂಡಲೇ ಬೀಳುತ್ತದೆ. ಅಲ್ಲಿ ಪಾಠವೇ ಪರೀಕ್ಷೆ. ಶಾಸ್ತ್ರಪಾಠದಲ್ಲಿಯೂ ಅಷ್ಟೇ. ಶ್ರೀಜಯತೀರ್ಥರ ಶ್ರೀಮನ್ನ್ಯಾಯಸುಧೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ವಿದ್ಯಾರ್ಥಿ ಸುಧಾಮಂಗಳದ ಸಂದರ್ಭದಲ್ಲಿ ವಿದ್ವತ್ಸಭೆಯ ಮುಂದೆ ಅನುವಾದ ಮಾಡುವುದನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಕೇಳುವವರು ನಡುವೆ ಪ್ರಶ್ನೆ ಹಾಕುತ್ತಾರೆ. ಕಂಠಪಾಠ ಮಾಡಿದವನು ಅಲ್ಲಿ ನಿಲ್ಲುತ್ತಾನೆ, ತಿಳಿದವನು ಮುಂದುವರಿಯುತ್ತಾನೆ. ಅಷ್ಟು ಜನರ ಎದುರಿನಲ್ಲಿ ಮರೆಮಾಚಲು ಏನೂ ಉಳಿಯುವುದಿಲ್ಲ.

ನಮ್ಮ ಪುಣೆಯ ದಕ್ಷಿಣೆ

ನಾವು ವಾಸಿಸುವ ಈ ಊರಿನಲ್ಲಿಯೇ ವಿದ್ಯೆಯನ್ನು ಅಳೆದು ಬೆಲೆ ಕಟ್ಟುವ ದೊಡ್ಡ ಏರ್ಪಾಡೊಂದು ಇತ್ತು. ಸೇನಾಪತಿ ಖಂಡೇರಾವ್ ದಾಭಾಡೆಯವರು ತಳೇಗಾಂವದಲ್ಲಿ ಆರಂಭಿಸಿದ ಶ್ರಾವಣಮಾಸದ ದಕ್ಷಿಣೆಯನ್ನು ಪೇಶ್ವೆಯವರು ಪುಣೆಯಲ್ಲಿ ಮುಂದುವರಿಸಿದರು. ದೇಶದ ನಾನಾ ಭಾಗಗಳಿಂದ ಪಂಡಿತರು ಬರುತ್ತಿದ್ದರು. ಶಾಸ್ತ್ರಿಗಳು ಅವರನ್ನು ಪರೀಕ್ಷಿಸಿ, ಯೋಗ್ಯತೆಗೆ ತಕ್ಕ ಮೊತ್ತವನ್ನು ನಿಶ್ಚಯಿಸುತ್ತಿದ್ದರು. ಸಾಮಾನ್ಯರಿಗೆ ಪರ್ವತಿ ಗುಡ್ಡದ ಬುಡದ 'ರಮಣಾ' ಎಂಬ ಆವಾರದಲ್ಲಿ ಚಿಕ್ಕ ಮೊತ್ತ ಸಲ್ಲುತ್ತಿತ್ತು.

ನ್ಯಾಯನಿಷ್ಠುರತೆಗೆ ಹೆಸರಾದ ರಾಮಶಾಸ್ತ್ರಿ ಪ್ರಭುಣೆಯವರ ಬಗೆಗೆ ಒಂದು ಪ್ರತೀತಿ ಇದೆ. ಅವರು ದಕ್ಷಿಣೆಯ ಮೇಲ್ವಿಚಾರಣೆ ನೋಡುತ್ತಿದ್ದಾಗ ಅವರ ಸ್ವಂತ ಸೋದರನೇ ಸಾಲಿನಲ್ಲಿ ಬಂದನಂತೆ. ಪಕ್ಕದಲ್ಲಿದ್ದ ನಾನಾ ಫಡಣವೀಸರು ಇಪ್ಪತ್ತು ರೂಪಾಯಿ ಕೊಡಿಸೋಣವೆಂದರು. ಶಾಸ್ತ್ರಿಗಳಾದರೋ, ಇವನಲ್ಲಿ ವಿಶೇಷ ವಿದ್ವತ್ತಿಲ್ಲ, ಎಲ್ಲರಂತೆ ಎರಡು ರೂಪಾಯಿ ಸಾಕು, ತಮ್ಮನೆಂದು ಕೊಡಬೇಕಾದುದನ್ನು ನಾನು ನನ್ನ ಕೈಯಿಂದ ಕೊಡುತ್ತೇನೆ ಎಂದರಂತೆ. ಪರೀಕ್ಷಕನಿಗೆ ಬೇಕಾದ ಮೊದಲ ಗುಣ ಯಾವುದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಪೇಶ್ವೆಯವರ ಆಳ್ವಿಕೆ 1818ರಲ್ಲಿ ಮುಗಿಯಿತು. ದಕ್ಷಿಣೆಯ ಹಣದ ಒಂದು ಭಾಗದಿಂದ 1821ರಲ್ಲಿ ವಿಶ್ರಾಮಬಾಗ್ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಅದೇ ಮುಂದೆ ಬೆಳೆದು ಡೆಕ್ಕನ್ ಕಾಲೇಜು ಆಯಿತು. ದಕ್ಷಿಣೆಯ ಹೆಸರು ಕಾಲೇಜುಗಳ 'ದಕ್ಷಿಣಾ ಫೆಲೋಶಿಪ್'ನಲ್ಲಿ ಉಳಿಯಿತು. ಆದರೆ ವಿದ್ವಾಂಸನ ಎದುರು ಕುಳಿತು ಪ್ರಶ್ನೆ ಕೇಳುವ ಪದ್ಧತಿಯ ಸ್ಥಾನವನ್ನು ಲಿಖಿತ ಪರೀಕ್ಷೆ ಕ್ರಮೇಣ ಆಕ್ರಮಿಸಿತು.

ಬಳ್ಳಾರಿಯ ಐನೂರ ಮೂವತ್ತಮೂರು ಶಾಲೆಗಳು

ಪಂಡಿತರ ಮಾತಾಯಿತು. ಸಾಮಾನ್ಯ ಮಕ್ಕಳು ಓದುತ್ತಿದ್ದ ಊರ ಶಾಲೆಗಳಲ್ಲಿ ಏನು ನಡೆಯುತ್ತಿತ್ತು? ಇದಕ್ಕೆ ಕನ್ನಡ ನಾಡಿನದೇ ಆದ ಅಮೂಲ್ಯ ದಾಖಲೆಯೊಂದು ಇದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಪ್ರಾಂತದ ಎಲ್ಲ ಜಿಲ್ಲೆಗಳಲ್ಲಿನ ಶಾಲೆಗಳ ವಿವರ ಕಳುಹಿಸುವಂತೆ ಕಲೆಕ್ಟರುಗಳನ್ನು ಕೇಳಿದನು. ಅನೇಕರು ಅಂಕಿಸಂಖ್ಯೆಗಳನ್ನಷ್ಟೇ ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟಿನಲ್ಲಿ ಶಾಲೆಯ ಒಳಗಿನ ಚಿತ್ರವನ್ನೇ ಬರೆದು ಕಳುಹಿಸಿದನು. ತೆಲುಗು ಭಾಷೆಯ ವ್ಯಾಕರಣವನ್ನು ಬರೆದ ವಿದ್ವಾಂಸ ಈತನೇ.

ಆಗಿನ ವಿಶಾಲ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು 1, ಶಾಸ್ತ್ರಪಾಠದ ಕೇಂದ್ರಗಳು 23. ವಿದ್ಯಾರ್ಥಿಗಳು ಒಟ್ಟು 6,641.

ಮಗುವಿಗೆ ಐದು ವರ್ಷವಾದಾಗ ಗಣಪತಿ ಪೂಜೆಯೊಡನೆ ಅಕ್ಷರಾಭ್ಯಾಸ. ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಬೇಕು. ಅಲ್ಲಿ ಕೈ ಕುದುರಿದ ಮೇಲೆಯೇ ಹಲಗೆ ಅಥವಾ ಕಡತದ ಮೇಲೆ ಬಳಪದಿಂದ ಬರೆಯುವ ಅಧಿಕಾರ. ಹಲಗೆಗೆ ಅನ್ನ ಮತ್ತು ಇದ್ದಲಿನ ಪುಡಿ ಬಳಿಯುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಗಟ್ಟಿಮಾಡಿ, ಕಪ್ಪು ಬಳಿದು, ಪುಸ್ತಕದಂತೆ ಮಡಿಚಿದ ಬಟ್ಟೆ. ಒದ್ದೆ ಬಟ್ಟೆಯಿಂದ ಒರಸಿದರೆ ಮತ್ತೆ ಹೊಸದು. ಒಂದು ಮೆಟ್ಟಿಲಲ್ಲಿ ಕೈಪಳಗಿದವನಿಗೆ ಇನ್ನೊಂದು ಸಾಧನ ಕೈಗೆ ಬರುತ್ತಿತ್ತು. ಆ ಬಳಪವೇ ಅವನ ಪ್ರಮಾಣಪತ್ರ!

ಶಾಲೆಯ ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ವಿಂಗಡಿಸುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ಏರುವುದು ವರ್ಷ ತುಂಬಿತೆಂದಲ್ಲ, ಆಯಾ ಹುಡುಗನ ಶಕ್ತಿ ಹಾಗೂ ಪ್ರಗತಿಯನ್ನು ನೋಡಿ. ಬೇಗ ಕಲಿತವನು ಬೇಗ ಏರುವನು, ತಡವಾದವನು ತಡವಾಗಿ ಏರುವನು. ಮುಂದಿರುವ ಹುಡುಗರು ಹಿಂದಿರುವವರಿಗೆ ಹೇಳಿಕೊಡುತ್ತಿದ್ದರು. ಹೇಳಿಕೊಡುವಾಗ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದರು. ತಾನು ಕಲಿತುದು ತನಗೆ ಬಂದಿದೆಯೇ ಎಂದು ತಿಳಿಯಲು ಇನ್ನೊಬ್ಬನಿಗೆ ಕಲಿಸಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದು? ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಹೊಗಳಿದ್ದಾನೆ, ಇಂಗ್ಲೆಂಡಿನವರು ಇದನ್ನು ಅನುಸರಿಸಿದ್ದು ಯೋಗ್ಯವೇ ಆಗಿದೆ ಎಂದಿದ್ದಾನೆ. ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಇಲ್ಲಿಯ ಮರಳಿನ ಬರಹವನ್ನು ಕಂಡು ತನ್ನ ಶಾಲೆಯಲ್ಲಿ ಅಳವಡಿಸಿ, ಹುಡುಗರಿಂದ ಹುಡುಗರಿಗೆ ಪಾಠ ಹೇಳಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ್ದನು. ಅಲ್ಲಿ ಅದಕ್ಕೆ 'ಮದರಾಸು ಪದ್ಧತಿ' ಎಂದೇ ಹೆಸರಾಯಿತು.

ಆದರೆ ಹಳೆಯದೆಲ್ಲ ಹೊನ್ನೆಂದು ನಾನು ಹೇಳಲಾರೆ. ಅದೇ ಕ್ಯಾಂಪ್‌ಬೆಲ್ ಬೇರೆ ಸಂಗತಿಗಳನ್ನೂ ದಾಖಲಿಸಿದ್ದಾನೆ. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುವರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಂತೆಲ್ಲ ಒಂದೊಂದು ಹೆಚ್ಚು. ಸೋಮಾರಿಯಾದವನನ್ನು ಕೈಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆಯೂ ಇತ್ತು. ಗಿಳಿಪಾಠದಂತೆ ಪದ್ಯಗಳನ್ನು ಒಪ್ಪಿಸುವ ಮಕ್ಕಳಿಗೆ ಅರ್ಥವೇ ತಿಳಿದಿರುತ್ತಿರಲಿಲ್ಲವೆಂದು ಆತ ಬೇಸರಪಟ್ಟಿದ್ದಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಆ 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60. ಸುಮಾರು 140 ಜನರಿಗೆ ಒಬ್ಬ ವಿದ್ಯಾರ್ಥಿ. ಶಾಲೆಯ ಹೊಸ್ತಿಲನ್ನೇ ತುಳಿಯಲಾಗದವರಿಗೆ ಒಳಗಿನ ಪದ್ಧತಿ ಎಷ್ಟು ಸುಂದರವಾಗಿದ್ದರೇನು?

ಕಲಿಸದೆ ಪರೀಕ್ಷಿಸಿದ ವಿಶ್ವವಿದ್ಯಾನಿಲಯ

ಈಗಿನ ಅಂಕಪಟ್ಟಿಯ ವಂಶವೃಕ್ಷದ ಬೇರು ಇರುವುದು 1854ರ ವುಡ್ ಸಾಹೇಬರ ಶಿಕ್ಷಣ ಸನ್ನದಿನಲ್ಲಿ. ಅದರ ಸಲಹೆಯಂತೆ 1857ರಲ್ಲಿ ಕಲಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಅವುಗಳಿಗೆ ಮಾದರಿಯಾದುದು ಆಗಿನ ಲಂಡನ್ ವಿಶ್ವವಿದ್ಯಾನಿಲಯ. ಅದು ಪಾಠ ಹೇಳುತ್ತಿರಲಿಲ್ಲ; ಬೇರೆಡೆ ಓದಿ ಬಂದವರನ್ನು ಪರೀಕ್ಷಿಸಿ ಪದವಿ ಕೊಡುತ್ತಿತ್ತು. ನಮ್ಮ ಮೂರೂ ವಿಶ್ವವಿದ್ಯಾನಿಲಯಗಳು ಹಾಗೆಯೇ ದಶಕಗಳ ಕಾಲ ಪರೀಕ್ಷೆ ನಡೆಸುವ ಸಂಸ್ಥೆಗಳಾಗಿಯೇ ಉಳಿದವು. ಅವುಗಳಿಗೆ ಬೋಧನೆಯ ಹೊಣೆಯನ್ನೂ ಕಾನೂನಿನಲ್ಲಿ ಸೇರಿಸಿದ್ದು 1904ರಲ್ಲಿ. ಕಲಿಸುವವನೊಬ್ಬ, ಪ್ರಶ್ನಪತ್ರಿಕೆ ತೆಗೆಯುವವನು ಇನ್ನೊಬ್ಬ, ಉತ್ತರಪತ್ರಿಕೆ ತಿದ್ದುವವನು ಮಗದೊಬ್ಬ. ವರುಣನೂ ಭೃಗುವೂ ಮುಖ ನೋಡದಂತಹ ವ್ಯವಸ್ಥೆ ಇದು.

ಇದರಿಂದ ಲಾಭವೇ ಆಗಲಿಲ್ಲವೆನ್ನುವುದು ಕೃತಘ್ನತೆಯಾದೀತು. ಹೆಸರಿಲ್ಲದ, ಕ್ರಮಾಂಕವಷ್ಟೇ ಇರುವ ಉತ್ತರಪತ್ರಿಕೆಗೆ ಜಾತಿಯಿಲ್ಲ, ಶಿಫಾರಸಿಲ್ಲ. ಬಡವನ ಮಗನೂ ದಿವಾನರ ಮಗನೂ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಪ್ರಶ್ನೆಗೆ ಉತ್ತರಿಸಿದರು. ಮುಂಬಯಿ ವಿಶ್ವವಿದ್ಯಾನಿಲಯದ ಮೊದಲ ಬಿ.ಎ. ತಂಡ 1862ರಲ್ಲಿ ಹೊರಬಂದಾಗ ಅದರಲ್ಲಿ ಮಹಾದೇವ ಗೋವಿಂದ ರಾನಡೆ ಹಾಗೂ ರಾಮಕೃಷ್ಣ ಗೋಪಾಲ ಭಂಡಾರಕರರಿದ್ದರು. ಅವರಿಂದ ಈ ಪ್ರಾಂತಕ್ಕೆ ಆದ ಉಪಕಾರ ಎಲ್ಲರೂ ಬಲ್ಲುದೇ.

ಆದರೆ ಅಳತೆಗೋಲಿನ ಓರೆ ಮೊದಲ ದಿನದಿಂದಲೇ ಕಾಣತೊಡಗಿತು. ಕಲಕತ್ತೆಯ ಪ್ರಥಮ ಬಿ.ಎ. ಪರೀಕ್ಷೆ ನಡೆದುದು 1858ರಲ್ಲಿ. ಆರೂ ವಿಷಯಗಳಲ್ಲಿ ಪೂರ್ಣವಾಗಿ ತೇರ್ಗಡೆಯಾದವರು ಒಬ್ಬರೂ ಇಲ್ಲ! ಐದು ವಿಷಯಗಳಲ್ಲಿ ಚೆನ್ನಾಗಿ ಮಾಡಿ, ಆರನೆಯದರಲ್ಲಿ ಏಳಕ್ಕಿಂತ ಹೆಚ್ಚಿಲ್ಲದಷ್ಟು ಅಂಕಗಳಿಂದ ತಪ್ಪಿದ್ದ ಇಬ್ಬರಿಗೆ ಕೃಪಾಂಕ ಕೊಟ್ಟು ತೇರ್ಗಡೆ ಮಾಡಿದರು. ಅವರಲ್ಲೊಬ್ಬರು ಜದುನಾಥ ಬೋಸರು. ಇನ್ನೊಬ್ಬರು, ಮುಂದೆ ವಂಗಸಾಹಿತ್ಯದ ಮುಕುಟಮಣಿಯಾದ ಬಂಕಿಮಚಂದ್ರ ಚಟ್ಟೋಪಾಧ್ಯಾಯರು. ಈ ದೇಶದ ಮೊದಲ ಪದವೀಧರರಲ್ಲೊಬ್ಬರು 'ಗ್ರೇಸ್ ಮಾರ್ಕ್ಸ್'ನಿಂದ ಪಾಸಾದವರೆಂಬುದನ್ನು ಫಲಿತಾಂಶದ ದಿನ ನೆನೆಯುವುದು ಒಳ್ಳೆಯದು. ಅರ್ಧ ಶತಮಾನದ ಅನಂತರ ಕುಂಭಕೋಣದ ಶ್ರೀನಿವಾಸ ರಾಮಾನುಜನ್ ಗಣಿತವೊಂದನ್ನುಳಿದು ಬೇರೆ ವಿಷಯಗಳಲ್ಲಿ ತಪ್ಪಿ, ಎಫ್.ಎ. ಪರೀಕ್ಷೆಯನ್ನು ದಾಟಲಾರದೆ ಹೋದರು. ಅದೇ ರಾಮಾನುಜನ್ 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ಅಳತೆಗೋಲು ಸುಳ್ಳು ಹೇಳಿರಲಿಲ್ಲ. ಅದರ ಮೇಲೆ ಗುರುತು ಹಾಕಿದ್ದ ವಿಷಯಗಳನ್ನಷ್ಟೇ ಅದು ಅಳೆದಿತ್ತು.

ಪ್ರಾಥಮಿಕ ಶಾಲೆಗಳ ಕಥೆ ಇನ್ನೊಂದು ಬಗೆಯದು. ಇಂಗ್ಲೆಂಡಿನಲ್ಲಿ 1862ರಲ್ಲಿ 'ಫಲಿತಾಂಶಕ್ಕೆ ತಕ್ಕ ಹಣ' ಎಂಬ ನಿಯಮ ಜಾರಿಯಾಯಿತು. ಇನ್ಸ್‌ಪೆಕ್ಟರು ಬಂದು ಓದು, ಬರಹ, ಲೆಕ್ಕಗಳಲ್ಲಿ ಪ್ರತಿ ಮಗುವನ್ನೂ ಪರೀಕ್ಷಿಸುವನು. ಎಷ್ಟು ಮಕ್ಕಳು ಪಾಸೋ ಅಷ್ಟಕ್ಕೆ ತಕ್ಕ ಅನುದಾನ. ಮಕ್ಕಳು ಪಾಠಪುಸ್ತಕವನ್ನು ಬಾಯಿಪಾಠ ಮಾಡಿ, ಪುಸ್ತಕ ತಲೆಕೆಳಗಾಗಿದ್ದರೂ 'ಓದು'ತ್ತಿದ್ದರೆಂಬ ಕಥೆಗಳು ಹುಟ್ಟಿಕೊಂಡವು. ಸ್ವತಃ ಶಾಲಾ ಇನ್ಸ್‌ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಇದನ್ನು ಬಲವಾಗಿ ಖಂಡಿಸಿದರು. ಆ ಶತಮಾನ ಮುಗಿಯುವ ಮುನ್ನ ಇಂಗ್ಲೆಂಡ್ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ಅದು ಮದರಾಸು, ಮುಂಬಯಿ ಪ್ರಾಂತಗಳಿಗೂ ಬಂದು ನೆಲೆಯೂರಿತ್ತು.

ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಕಾಲದಲ್ಲಿ ಶಾಲೆಗೆ 'ಡೆಪ್ಯುಟಿ ಸಾಹೇಬರು' ಬರುವುದೆಂದರೆ ಊರಿಗೇ ಒಂದು ಹಬ್ಬ, ಮಾಸ್ತರರಿಗೆ ಒಂದು ಗಂಡಾಂತರ. ಆ ಹುದ್ದೆಯೇ ಹೆಸರಿಗೆ ಅಂಟಿಕೊಂಡ ಡೆಪ್ಯುಟಿ ಚೆನ್ನಬಸಪ್ಪನವರಂತಹ ಮಹನೀಯರು ಕನ್ನಡ ಶಾಲೆಗಳನ್ನು ಕಟ್ಟಿ ಬೆಳೆಸಿದುದನ್ನು ಕನ್ನಡಿಗರು ಮರೆಯುವಂತಿಲ್ಲ. ನನ್ನ ಅಜ್ಜನವರು ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಶಾಲಾ ಮಾಸ್ತರರಾದವರು. ಮುಲ್ಕಿ ಪಾಸಾದವನೆಂದರೆ ಹಳ್ಳಿಯಲ್ಲಿ ಕಾಗದಪತ್ರ ಓದಿಹೇಳುವ, ಲೆಕ್ಕ ಬಿಡಿಸಿಕೊಡುವ ಗೌರವಸ್ಥ. ಪರೀಕ್ಷೆ ಆಗ ನೌಕರಿಯ ಬಾಗಿಲು. ಬಾಗಿಲು ಚಿಕ್ಕದು, ಜನ ಬಹಳ. ಆದ್ದರಿಂದ ಜರಡಿ ಬೇಕಾಯಿತು. ನಮ್ಮ ಪರೀಕ್ಷೆ ಜರಡಿಯಾಗಿ ಹುಟ್ಟಿತು. ಜರಡಿ ಕಾಳನ್ನು ಬೇರ್ಪಡಿಸುತ್ತದೆ, ಬೆಳೆಸುವುದಿಲ್ಲ.

ಒರೆಗಲ್ಲನ್ನೇ ಒರೆಗೆ ಹಚ್ಚಿದಾಗ

ಪರೀಕ್ಷೆ ಎಷ್ಟು ನಂಬಲರ್ಹ ಎಂಬುದನ್ನು ಪರೀಕ್ಷಿಸಿ ನೋಡಿದವರಲ್ಲಿ ಪ್ರಮುಖರೆಂದರೆ ಸರ್ ಫಿಲಿಪ್ ಹಾರ್ಟಾಗ್. ಇವರು ಭಾರತಕ್ಕೆ ಹೊಸಬರಲ್ಲ. 1917ರಿಂದ 1919ರವರೆಗೆ ಕೆಲಸ ಮಾಡಿದ ಕಲಕತ್ತಾ ವಿಶ್ವವಿದ್ಯಾನಿಲಯ ಆಯೋಗದ ಸದಸ್ಯರು, ಢಾಕಾ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳು, 1929ರಲ್ಲಿ ವರದಿ ಸಲ್ಲಿಸಿದ ಶಿಕ್ಷಣ ಸಮಿತಿಯ ಅಧ್ಯಕ್ಷರು. ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ ಅವರು ರೋಡ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರೊಡಗೂಡಿ ಪ್ರಯೋಗವೊಂದನ್ನು ನಡೆಸಿ 1935ರಲ್ಲಿ ಪ್ರಕಟಿಸಿದರು.

ಇತಿಹಾಸ ವಿಷಯದ 15 ಉತ್ತರಪತ್ರಿಕೆಗಳನ್ನು ಅವರು ಆರಿಸಿಕೊಂಡರು. ಇವೆಲ್ಲಕ್ಕೂ ಹಿಂದೆ ನಿಜವಾದ ಪರೀಕ್ಷೆಯಲ್ಲಿ ಒಂದೇ ಅಂಕ ಬಿದ್ದಿತ್ತು. ಅನುಭವಿ ಪರೀಕ್ಷಕರು ಅವನ್ನು ಮತ್ತೆ ತಿದ್ದಿದರು. ಒಂದು ವರ್ಷಕ್ಕೂ ಮಿಗಿಲಾದ ಅಂತರದ ಬಳಿಕ ಅವರಲ್ಲಿ 14 ಮಂದಿ ಅವೇ ಪತ್ರಿಕೆಗಳನ್ನು ಇನ್ನೊಮ್ಮೆ ತಿದ್ದಿದರು. ಅಂದರೆ ಒಟ್ಟು 210 ತೀರ್ಪುಗಳು. ಅವುಗಳಲ್ಲಿ 92ರಲ್ಲಿ ಪರೀಕ್ಷಕನು ತಾನೇ ಹಿಂದೆ ಕೊಟ್ಟ ತೀರ್ಪನ್ನು ಬದಲಿಸಿದ್ದನು! ಅಂಕದಲ್ಲಿ ಒಂದೆರಡು ಹೆಚ್ಚುಕಡಿಮೆಯ ಮಾತಲ್ಲ ಇದು. ಫೇಲು, ಪಾಸು, ವಿಶೇಷ ದರ್ಜೆ ಎಂಬ ತೀರ್ಪೇ ಬದಲಾಗಿತ್ತು. ನೂರಕ್ಕೆ ಸುಮಾರು 44ರಷ್ಟು. ಎರಡು ಸಲ ಇಟ್ಟರೆ ಎರಡು ಬಗೆಯ ಅಳತೆ ತೋರಿಸುವ ಗೇಜನ್ನು ನಮ್ಮ ಇಲಾಖೆಯಲ್ಲಾದರೆ ಅದೇ ದಿನ ಗುಜರಿಗೆ ಹಾಕುತ್ತಿದ್ದೆವು.

ಮುಂದೆ ವಸ್ತುನಿಷ್ಠ ಪ್ರಶ್ನೆಗಳು, ಮಾದರಿ ಉತ್ತರಗಳು, ಎರಡು ಬಾರಿಯ ಮೌಲ್ಯಮಾಪನ, ಮರುಎಣಿಕೆ ಮೊದಲಾದವು ಬಳಕೆಗೆ ಬಂದವು. ಓರೆ ಕಡಿಮೆಯಾಗಿದೆ. ಆದರೂ 89.6 ಪಡೆದ ಮಗುವಿಗಿಂತ 90.2 ಪಡೆದ ಮಗು ಹೆಚ್ಚು ಕಲಿತಿದೆ ಎಂದು ಪ್ರಮಾಣ ಮಾಡಿ ಹೇಳುವ ಧೈರ್ಯ ಯಾವ ಅಳತೆಗಾರನಿಗೂ ಇರಲಾರದು. ನಮ್ಮ ಪಟ್ಟಿಯ ಗೆರೆ ಮಾತ್ರ ಅವರಿಬ್ಬರ ನಡುವೆಯೇ ಹಾದುಹೋಗುತ್ತದೆ.

ಸ್ವಾತಂತ್ರ್ಯದ ಅನಂತರ

ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ಆಯೋಗವು 1949ರಲ್ಲಿ, ತಾನು ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಯ ಸುಧಾರಣೆಯೇ ಎಂಬ ಅಭಿಪ್ರಾಯ ತಳೆಯಿತು. 1953ರ ಮುದಲಿಯಾರ್ ಆಯೋಗ, 1966ರ ಕೊಠಾರಿ ಆಯೋಗಗಳೂ ವರ್ಷವಿಡೀ ನಡೆಯುವ ಮೌಲ್ಯಮಾಪನಕ್ಕೆ ಬೆಲೆ ಕೊಡಬೇಕೆಂದು ಒತ್ತಿ ಹೇಳಿದವು. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1950ರ ದಶಕದ ಕೊನೆಗೆ ಇಲ್ಲಿಗೆ ಬಂದು, ನೆನಪನ್ನಷ್ಟೇ ಅಲ್ಲ, ತಿಳಿವಳಿಕೆ ಹಾಗೂ ಅನ್ವಯಗಳನ್ನೂ ಪರೀಕ್ಷಿಸುವ ಪ್ರಶ್ನೆಗಳನ್ನು ರಚಿಸುವ ಬಗೆಯನ್ನು ನಮ್ಮ ಅಧ್ಯಾಪಕರಿಗೆ ಹೇಳಿಕೊಟ್ಟರು. ವರದಿಗಳು ಕಪಾಟು ಸೇರಿದವು, ಮಾರ್ಚಿಯ ಪರೀಕ್ಷೆ ಮಾತ್ರ ಉಳಿಯಿತು.

ಸಿ.ಬಿ.ಎಸ್.ಇ. ಮಂಡಳಿಯು 2009ರಲ್ಲಿ 'ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನ' ಪದ್ಧತಿಯನ್ನು ತಂದಿತು. ಕರ್ನಾಟಕದ ಶಾಲೆಗಳಲ್ಲಿಯೂ ರೂಪಣಾತ್ಮಕ, ಸಂಕಲನಾತ್ಮಕ ಎಂಬ ಪದಗಳು ಮನೆಮಾತಾದವು. ಕಲಿಯುತ್ತಿರುವಾಗಲೇ ತಿದ್ದುವುದಕ್ಕಾಗಿ ಮಾಡುವುದು ರೂಪಣಾತ್ಮಕ. ಕೊನೆಯಲ್ಲಿ ಒಟ್ಟು ಲೆಕ್ಕ ಹಾಕುವುದು ಸಂಕಲನಾತ್ಮಕ. ಅಡಿಗೆಯವರು ಸಾರನ್ನು ಕುದಿಯುವಾಗ ನೋಡುವುದು ಮೊದಲನೆಯದು, ಪಂಕ್ತಿಯಲ್ಲಿ ಬಡಿಸಿದ ಮೇಲೆ ಉಣ್ಣುವವರು ಹೇಳುವುದು ಎರಡನೆಯದು. ಆಲೋಚನೆ ಉತ್ತಮವಾದುದೇ. ಆದರೆ ಅಧ್ಯಾಪಕರ ಪಾಲಿಗೆ ತುಂಬಬೇಕಾದ ನಮೂನೆಗಳು ಬೆಳೆದವು. ಮಕ್ಕಳ 'ಪ್ರಾಜೆಕ್ಟು'ಗಳನ್ನು ತಂದೆತಾಯಿಯರು ರಾತ್ರಿ ಕುಳಿತು ಮಾಡಿದರು. ಸ್ಟೇಷನರಿ ಅಂಗಡಿಗಳಲ್ಲಿ ಸಿದ್ಧ ಚಾರ್ಟುಗಳು ದೊರೆತವು. ನಾನೂ ಮೊಮ್ಮಗಳಿಗಾಗಿ ಥರ್ಮೋಕೋಲಿನ ಸೇತುವೆಯೊಂದನ್ನು ಕಟ್ಟಿಕೊಟ್ಟು ಒಳ್ಳೆಯ ದರ್ಜೆ ಪಡೆದವನೇ! 2017ರಲ್ಲಿ ಮಂಡಳಿ ಆ ಪದ್ಧತಿಯನ್ನು ಕೈಬಿಟ್ಟಿತು. 2018ರಿಂದ ಹತ್ತನೆಯ ತರಗತಿಯ ಮಂಡಳಿ ಪರೀಕ್ಷೆ ಎಲ್ಲರಿಗೂ ಮತ್ತೆ ಕಡ್ಡಾಯವಾಯಿತು.

ಹಾಗಾದರೆ ಅಳೆಯುವುದನ್ನೇ ಬಿಟ್ಟುಬಿಡೋಣವೇ? ಅದೂ ಸಲ್ಲದು. 'ಅಸರ್' ಎಂಬ ಸಮೀಕ್ಷೆ 2005ರಲ್ಲಿ ಆರಂಭವಾಯಿತು. ಸ್ವಯಂಸೇವಕರು ಹಳ್ಳಿಯ ಮನೆಗಳಿಗೇ ಹೋಗಿ, ಮಗುವಿನ ಪಕ್ಕದಲ್ಲಿ ಕುಳಿತು, ಅಕ್ಷರ, ಪದ, ಸಣ್ಣ ವಾಕ್ಯಗಳು, ಕಥೆ ಇರುವ ಹಾಳೆಯೊಂದನ್ನು ಓದಿಸುತ್ತಾರೆ. ಐದನೆಯ ತರಗತಿಯ ಗ್ರಾಮೀಣ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಎರಡನೆಯ ತರಗತಿಯ ಪಾಠವನ್ನು ಓದಬಲ್ಲರೆಂಬ ಕಹಿಸತ್ಯ 2018ರ ಸಮೀಕ್ಷೆಯಲ್ಲಿ ಕಂಡಿತು. ಅಳೆಯದಿದ್ದರೆ ಇದು ತಿಳಿಯುತ್ತಿರಲಿಲ್ಲ. ಪಾಸು-ಫೇಲು ಹೇಳದ, ಎಲ್ಲಿ ನಿಂತಿದ್ದಾನೆಂದು ತಿಳಿಸುವ ಅಳತೆಗೋಲು ಇದು.

ಮಹಾಮಾರಿಯ ಕಾಲದಲ್ಲಿ, 2021ರಲ್ಲಿ, ಸಿ.ಬಿ.ಎಸ್.ಇ. ತನ್ನ ಮಂಡಳಿ ಪರೀಕ್ಷೆಗಳನ್ನು ರದ್ದುಪಡಿಸಿತು. ಹನ್ನೆರಡನೆಯ ತರಗತಿಯವರಿಗೆ ಹಿಂದಿನ ವರ್ಷಗಳ ಹಾಗೂ ಶಾಲೆಯ ಅಂಕಗಳನ್ನು ಕೂಡಿಸಿ ಫಲಿತಾಂಶ ಕೊಟ್ಟಿತು. ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಎರಡೇ ದಿನಗಳಲ್ಲಿ ಮುಗಿಯಿತು. ಬದಲಾಗಲಾರದೆಂದು ನಂಬಿದ್ದ ಪದ್ಧತಿ ಬೇಕಾದರೆ ಬದಲಾಗಬಲ್ಲುದೆಂದು ಆಗ ಎಲ್ಲರಿಗೂ ಅರಿವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮಂಡಳಿ ಪರೀಕ್ಷೆಯ ಭಾರವನ್ನು ಇಳಿಸಲು ಹೇಳಿದೆ. ಕರ್ನಾಟಕವು 2024ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಕೊಟ್ಟು, ಉತ್ತಮ ಅಂಕವನ್ನೇ ಉಳಿಸಿಕೊಳ್ಳುವ ಕ್ರಮ ತಂದಿತು. ಮತ್ತೆ ಹೋಗಿ ಬಾ ಎಂದ ವರುಣನ ದನಿ ಇಲ್ಲಿ ಕೊಂಚ ಕೇಳಿಸುತ್ತದೆ.

ಕೀಮ್ಯಾನ್ ಮತ್ತು ವಾರ್ಷಿಕ ತಪಾಸಣೆ

ರೈಲುಹಳಿಗೆ ಎರಡು ಬಗೆಯ ತಪಾಸಣೆಗಳುಂಟು. ಮೇಲಧಿಕಾರಿಗಳ ವಾರ್ಷಿಕ ತಪಾಸಣೆ ಒಂದು. ಅದರ ಮುನ್ನ ಕಲ್ಲುಗಳಿಗೆಲ್ಲ ಸುಣ್ಣ, ಫಲಕಗಳಿಗೆಲ್ಲ ಬಣ್ಣ. ಇನ್ನೊಂದು ಕೀಮ್ಯಾನನದು. ಅವನು ಬಿಸಿಲು ಮಳೆ ಎನ್ನದೆ ಪ್ರತಿದಿನವೂ ತನ್ನ ಪಾಲಿನ ಹಳಿಯ ಉದ್ದಕ್ಕೂ ನಡೆಯುತ್ತಾನೆ. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಸ್ಪಾನರು. ಸಡಿಲವಾದುದು ಕಂಡರೆ 'ಅನುತ್ತೀರ್ಣ' ಎಂದು ಬರೆದು ಮುಂದೆ ಹೋಗುವುದಿಲ್ಲ, ಅಲ್ಲಿಯೇ ನಿಂತು ಬಿಗಿಗೊಳಿಸುತ್ತಾನೆ. ವಾರ್ಷಿಕ ತಪಾಸಣೆ ಬೇಡವೆಂದಲ್ಲ. ಆದರೆ ರೈಲು ಸುರಕ್ಷಿತವಾಗಿ ಓಡುವುದು ಕೀಮ್ಯಾನನಿಂದ.

ಈ ಮಾತಿಗೆ ಸಂಶೋಧನೆಯ ಆಧಾರವೂ ಇದೆ. ಇಸ್ರೇಲಿನ ಶಿಕ್ಷಣತಜ್ಞೆ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲಾಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಿದ್ದರು. ಮೊದಲನೆಯವರ ಉತ್ತರಕ್ಕೆ ಅಂಕ ಮಾತ್ರ, ಎರಡನೆಯವರಿಗೆ ತಿದ್ದಿಕೊಳ್ಳುವ ಬಗೆಯನ್ನು ಹೇಳುವ ಎರಡು ಮಾತು ಮಾತ್ರ, ಮೂರನೆಯವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಎರಡನೆಯ ಗುಂಪಿನವರು ಮಾತ್ರ. ಅಂಕವೂ ಮಾತೂ ಎರಡೂ ದೊರೆತವರಿಗೆ ಲಾಭವಾಗಲಿಲ್ಲ. ಅಂಕ ಕಂಡೊಡನೆ ಮಕ್ಕಳು ಮಾತನ್ನು ಓದುವುದನ್ನೇ ಬಿಡುತ್ತಾರೆ ಎಂಬುದು ಇದರಿಂದ ತಜ್ಞರು ತೆಗೆದ ಅರ್ಥ. ನಾವು ದೊಡ್ಡವರು ಮಾಡುವುದೂ ಅದನ್ನೇ ಅಲ್ಲವೇ?

ಅರವತ್ತೊಂದರ ಹುಡುಗ

ಆ ತಾಯಿಯ ಮಗನನ್ನು ಮರುವಾರ ಕರೆಸಿ, "ಏನಪ್ಪಾ, ಈ ವರ್ಷ ಏನು ಕಲಿತೆ?" ಎಂದು ಕೇಳಿದೆ. ಮೊದಲು ತಲೆ ತಗ್ಗಿಸಿ ನಿಂತನು. ಆಮೇಲೆ, ಮಠದ ಅಡಿಗೆಮನೆಯ ಹಿಂದಿನ ನೀರಿನ ಪಂಪು ಪದೇ ಪದೇ ಗಾಳಿ ಹಿಡಿಯುವುದೇಕೆಂದು ನೋಡಿದ್ದೇನೆ ಎಂದನು. ಫುಟ್ ವಾಲ್ವಿನ ವಾಷರು ಸವೆದು ನೀರು ಹಿಂದಕ್ಕೆ ಇಳಿಯುತ್ತದೆ, ಕೊಳವೆ ಖಾಲಿಯಾಗುತ್ತದೆ ಎಂದು ನೆಲದ ಮೇಲೆ ಬೆರಳಿನಿಂದ ಚಿತ್ರ ಬರೆದು ತೋರಿಸಿದನು. ನಾನು ಮೂರು ಪ್ರಶ್ನೆ ಕೇಳಿದೆ. ಎರಡಕ್ಕೆ ಸರಿಯಾಗಿ ಹೇಳಿದನು. ಮೂರನೆಯದು, ನೀರಿನ ಮಟ್ಟಕ್ಕಿಂತ ಎಷ್ಟು ಎತ್ತರದಲ್ಲಿ ಪಂಪನ್ನು ಕೂರಿಸಬಹುದು ಎಂಬುದು. ಮೋಟರಿನ ಶಕ್ತಿ ಹೆಚ್ಚಿದಂತೆ ಎಷ್ಟು ಬೇಕಾದರೂ ಎಂದನು. "ಇನ್ನೊಮ್ಮೆ ನೋಡಿಕೊಂಡು ಬಾ" ಎಂದೆ.

ಎಂಟು ದಿನಗಳಾದ ಮೇಲೆ ಬಂದನು. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ, ಪಂಪಿನ ಎಳೆತವಲ್ಲ. ಆದ್ದರಿಂದ ಮೋಟರು ಎಷ್ಟೇ ದೊಡ್ಡದಿದ್ದರೂ ಹತ್ತು ಮೀಟರಿನಾಚೆ ಸಾಧ್ಯವಿಲ್ಲ, ರೂಢಿಯಲ್ಲಿ ಏಳರೊಳಗೇ ಇಡುತ್ತಾರೆ, ಪುಣೆ ಎತ್ತರದಲ್ಲಿರುವುದರಿಂದ ಇನ್ನೂ ಸ್ವಲ್ಪ ಕಡಿಮೆ ಎಂದನು. ಆ ಕೊನೆಯ ಮಾತನ್ನು ನಾನು ಕೇಳಿರಲೇ ಇಲ್ಲ.

ಅಂಕಪಟ್ಟಿಗಳನ್ನು ಹರಿದು ಹಾಕಿರೆಂದು ನಾನು ಹೇಳುತ್ತಿಲ್ಲ. 90 ದಾಟಿದ ಮಕ್ಕಳ ಶ್ರಮ ದೊಡ್ಡದು, ಅವರ ಹೆಸರು ಅಚ್ಚಾಗಲಿ. ಆದರೆ ಬರುವ ವರ್ಷದಿಂದ ಆ ಪಟ್ಟಿಯ ಜೊತೆಗೆ ಇನ್ನೊಂದು ಪುಟವಿರಲಿ, ಅದರಲ್ಲಿ ಎಷ್ಟು ಅಂಕ ಬಂದ ಮಗುವಾದರೂ ಈ ವರ್ಷ ತಾನು ಕಲಿತದ್ದೊಂದನ್ನು ನಾಲ್ಕು ಸಾಲಿನಲ್ಲಿ ಬರೆಯಲಿ, ಪುರಸ್ಕಾರದ ದಿನ ಹಿರಿಯರ ಮುಂದೆ ನಿಂತು ಅದನ್ನು ಹೇಳಲಿ, ನಾವು ಪ್ರಶ್ನೆ ಕೇಳೋಣ ಎಂದು ಸಮಿತಿಯವರಲ್ಲಿ ನಿವೇದಿಸಿಕೊಂಡಿದ್ದೇನೆ. ಮೊದಲ ಹೆಸರನ್ನು ನಾನೇ ಬರೆದುಕೊಟ್ಟಿದ್ದೇನೆ. ಅಂಕದ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ.